ನೀರಿನ ಮೇಲೆ ದಾಕ್ಷಿಣ್ಯ

ಕೋಲಾರದ ಕಡೆಯವನೊಬ್ಬ ದೋಣಿಯ ವಿಚಾರ ಮಾತನಾಡಲು ಹೊರಟರೆ ಕೇಳುವವರಿಗೆ ನಗು ಬಂದೀತು. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ನಮ್ಮ ಸೀಮೆಯ ನದಿಯೆಂದು ಪಾಠದ ಪುಸ್ತಕದಲ್ಲಿ ಓದಿದ್ದೇವೆ; ದೋಣಿ ತೇಲುವಷ್ಟು ನೀರನ್ನು ಅದರಲ್ಲಿ ಕಂಡವರು ನಮ್ಮಲ್ಲಿ ಎಷ್ಟು ಮಂದಿ? ನಮಗೆ ಇರುವುದು ಕೆರೆಗಳು. ಎರಡು ಸಾವಿರಕ್ಕೂ ಮೀರಿದ ಕೆರೆಗಳು. ನಾನು ಸುಗಟೂರು ಸೀಮೆಯವನು. ಈ ಸುಗಟೂರಿನ ಪಾಳೆಯಗಾರ ತಮ್ಮೇಗೌಡನೇ ಹೊಸಕೋಟೆಯನ್ನು ಕಟ್ಟಿ, ಅಲ್ಲಿಯ ದೊಡ್ಡ ಕೆರೆಯನ್ನೂ ಕಟ್ಟಿಸಿದನೆಂದು ಪ್ರಸಿದ್ಧಿ. ನೀರನ್ನು ನಿಲ್ಲಿಸುವ ವಿದ್ಯೆ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ನಡುವೆ ಬಹಳ ಕಾಲ ಕೆರೆಗಳು ಒಣಗಿದವು. ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿ ಕೆಳಕ್ಕೆ ಇಳಿದವು. ಒಂದು ತಲೆಮಾರಿನ ಮಕ್ಕಳು ಕೆರೆಯ ಅಂಗಳದಲ್ಲಿ ಕ್ರಿಕೆಟ್ ಆಡಿ ಬೆಳೆದರೇ ಹೊರತು ಈಜಿ ಬೆಳೆಯಲಿಲ್ಲ. ೨೦೧೮ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಲಕ್ಷ್ಮೀಸಾಗರದ ಕೆರೆಗೆ ಬಂದು ಸೇರಿತು. ಅಲ್ಲಿಂದ ಒಂದರ ಹಿಂದೆ ಒಂದಾಗಿ ಇತರ ಕೆರೆಗಳಿಗೆ ಹರಿಯಿತು. ೨೦೨೧ರ ಮಳೆಗೆ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಆ ಸಂತೋಷವನ್ನು ನಾನು ವರ್ಣಿಸಬೇಕಾಗಿಲ್ಲ. ಕೋಡಿಯ ಸದ್ದು ಕೇಳಿ ಕಣ್ಣೀರು ಹಾಕಿದ ಮುದುಕರನ್ನು ನಾನೇ ಕಂಡಿದ್ದೇನೆ. ನೀರೇನೋ ಹಿಂದಿರುಗಿತು, ನೀರಿನ ಪರಿಚಯ ಹಿಂದಿರುಗಲಿಲ್ಲ. ೨೦೧೯ರ ಸೆಪ್ಟೆಂಬರಿನಲ್ಲಿ ಕೆ.ಜಿ.ಎಫ್. ಕಡೆಯ ಮರದಘಟ್ಟದಲ್ಲಿ ಗಣಪನನ್ನು ನೀರಿಗೆ ಬಿಡಲು ಹೋದ ಆರು ಮಕ್ಕಳು ಮುಳುಗಿ ತೀರಿಕೊಂಡರು. ಅಲ್ಲಿ ದೋಣಿಯೂ ಇರಲಿಲ್ಲ, ತೆಪ್ಪವೂ ಇರಲಿಲ್ಲ.

ಕೆರೆಯ ಅಂಗಳವೂ ಹಿಂದಿನ ಹಾಗೆ ಉಳಿದಿಲ್ಲ. ಒಣಗಿದ್ದ ಕಾಲದಲ್ಲಿ ಗೋಡು ಮಣ್ಣಿಗೂ ಇಟ್ಟಿಗೆಗೂ ಅಲ್ಲಲ್ಲಿ ಯಂತ್ರದಿಂದ ಅಗೆದಿದ್ದಾರೆ. ಮೊಣಕಾಲುದ್ದ ನೀರೆಂದು ಹೆಜ್ಜೆಯಿಟ್ಟಲ್ಲಿ ಎರಡಾಳುದ್ದ ಗುಂಡಿ. ಅದರ ಜತೆಗೆ ಜಾಲಿಯ ಮರಗಳು. ಅಂಗಳದ ತುಂಬ ಬೆಳೆದಿದ್ದ ಜಾಲಿ ಇಂದು ನೀರಿನ ಕೆಳಗಿದೆ; ಮೇಲಿನಿಂದ ನೋಡಿದರೆ ಏನೂ ಕಾಣದು.

ಇಂಥ ನೀರಿನ ಮೇಲೆಯೇ ನಾವು ತೆಪ್ಪೋತ್ಸವ ಮಾಡುತ್ತೇವೆ. ಕೆರೆ ತುಂಬಿದಾಗ ದೇವರನ್ನು ತೆಪ್ಪದಲ್ಲಿ ಕೂರಿಸಿ ಸುತ್ತು ಹಾಕಿಸುವುದು ಹಳೆಯ ರೂಢಿ. ಬೇಡವೆಂದು ನಾನು ಹೇಳುವುದಿಲ್ಲ. ನಮ್ಮ ಕಡೆಯ ಒಂದು ಊರಿನಲ್ಲಿ ಅಂಥ ಉತ್ಸವಕ್ಕೆ ನಾನೂ ಹೋಗಿದ್ದೆ. ಖಾಲಿ ಡ್ರಮ್ಮುಗಳನ್ನು ಬಿದಿರಿಗೆ ಬಿಗಿದು, ಮೇಲೆ ಹಲಗೆ ಹಾಸಿ, ಹೂವಿನ ಮಂಟಪ ಕಟ್ಟಿದ್ದರು. ಗಳ ಹಿಡಿದು ತೆಪ್ಪ ನಡೆಸುವವನು ನನ್ನ ಹಳೆಯ ವಿದ್ಯಾರ್ಥಿ. ಕೆಲಸಗಾರ, ಊರಿಗೆ ಬೇಕಾದವನು. ನಮಸ್ಕಾರ ಮಾಡಲು ಹತ್ತಿರ ಬಂದಾಗ ವಾಸನೆ ಮೂಗಿಗೆ ಬಡಿಯಿತು. ಗೊತ್ತಾಯಿತು, ಆದರೂ ನಾನು ಬಾಯಿ ಬಿಡಲಿಲ್ಲ. ಹಬ್ಬದ ದಿನ, ನಾಲ್ಕು ಜನರ ಎದುರಿಗೆ, ಮನೆಗೆ ಬಂದುಹೋಗುವ ಹುಡುಗ. ಹೇಗೆ ಹೇಳುವುದು?

ಹೇಳಿದವಳು ಒಬ್ಬ ಅಜ್ಜಿ. ಮೊಮ್ಮಗುವನ್ನು ಎತ್ತಿಕೊಂಡು ತೆಪ್ಪ ಹತ್ತಲು ಬಂದವಳು ಒಂದು ಕಾಲನ್ನು ಹಲಗೆಯ ಮೇಲಿಟ್ಟು ಹಿಂದಕ್ಕೆ ತೆಗೆದಳು.

“ಏನಪ್ಪಾ, ನೀನು ಹಾಕ್ಕೊಂಡಿದ್ದೀಯ. ನಾನು ಮಗೂನ ಕರ್ಕೊಂಡು ಹತ್ತಲ್ಲ.”

“ಒಂದೇ ಪ್ಯಾಕೆಟ್ಟು ಅಜ್ಜಿ, ಚಳಿಗೆ. ನಾನೇನು ಬಿದ್ದುಹೋಗ್ತೀನಾ?”

“ನೀನು ಬಿದ್ರೆ ಈಜಿಕೊಂಡು ಬರ್ತೀಯಪ್ಪ. ಇವಳು?”

ಸುತ್ತ ನಿಂತವರು ನಕ್ಕರು. ಅವನ ಮುಖ ಕಪ್ಪಾಯಿತು. ಆದರೆ ಗಳವನ್ನು ಪಕ್ಕದವನ ಕೈಗೆ ಕೊಟ್ಟು ಏರಿಯ ಮೇಲೆ ಹೋಗಿ ಕುಳಿತ. ತೆಪ್ಪ ಅರ್ಧ ಸುತ್ತು ಹೋಗುವಷ್ಟರಲ್ಲಿ ಜಾಲಿಯ ಬೊಡ್ಡೆಗೆ ಸಿಕ್ಕಿ ಒಂದು ಪಕ್ಕಕ್ಕೆ ವಾಲಿತು. ಮೇಲಿದ್ದವರು ಕೂಗಿಕೊಂಡು ಎದ್ದರು. ಗಳ ಹಿಡಿದವನು “ಯಾರೂ ಏಳಬೇಡಿ, ಕೂತ್ಕೊಳ್ಳಿ” ಎಂದು ಗದರಿಸಿ, ಎಲ್ಲರೂ ಕುಳಿತ ಮೇಲೆ ನಿಧಾನವಾಗಿ ಬೊಡ್ಡೆಯಿಂದ ತಳ್ಳಿ ಬಿಡಿಸಿದ. ಹತ್ತು ನಿಮಿಷದ ಕೆಲಸ. ಕುಡಿದವನಿದ್ದಿದ್ದರೆ ಏನಾಗುತ್ತಿತ್ತೋ ನಾನು ಹೇಳಲಾರೆ. ಆದರೆ ಅಂದಿನಿಂದ ಈ ವಿಚಾರವನ್ನು ಓದಿ ತಿಳಿಯಬೇಕೆನ್ನಿಸಿತು.

ನೆಲದ ಮೇಲೆ ಕುಡಿಯುವುದಕ್ಕೂ ನೀರಿನ ಮೇಲೆ ಕುಡಿಯುವುದಕ್ಕೂ ಬಹಳ ಅಂತರವುಂಟು. ದೋಣಿಯ ಮೇಲೆ ಬಿಸಿಲು, ಗಾಳಿ, ನೀರಿನ ಮೇಲಿನ ಝಳಪು, ಎಡೆಬಿಡದ ಅಲ್ಲಾಟ ಇವೆಲ್ಲ ಸೇರಿ ಕುಡಿಯದವನನ್ನೇ ದಣಿಸುತ್ತವೆ. ಆ ದಣಿವಿನ ಮೇಲೆ ಮದ್ಯ ಬಿದ್ದರೆ ಅಮಲು ಬೇಗ ಏರುತ್ತದೆ. ದೂರದ ಅಂದಾಜು ತಪ್ಪುತ್ತದೆ. ಕೈ ತಡವಾಗಿ ಓಡುತ್ತದೆ. ನಮ್ಮ ಸಮತೋಲವನ್ನು ಕಾಯುವ ಅಂಗ ಒಳಕಿವಿಯಲ್ಲಿದೆ. ಮದ್ಯವು ಅದನ್ನೂ ಕೆಡಿಸುವುದರಿಂದ, ಕುಡಿದವನು ನೀರಿಗೆ ಬಿದ್ದು ಮುಳುಗಿದಾಗ ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯದೆ ತಳದ ಕಡೆಗೇ ಈಜಿಯಾನು. ಚಳಿಗೆಂದು ಕುಡಿಯುವುದಂತೂ ದೊಡ್ಡ ಭ್ರಾಂತಿ. ಕುಡಿದಾಗ ಚರ್ಮದ ರಕ್ತನಾಳಗಳು ಹಿಗ್ಗಿ ಮೈ ಬೆಚ್ಚಗಾದಂತೆ ತೋರುತ್ತದೆ. ನಿಜವಾಗಿ ಒಳಗಿನ ಶಾಖ ಹೊರಕ್ಕೆ ಸೋರುತ್ತಿರುತ್ತದೆ. ಇನ್ನು ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಲೆಯ ಮೇಲೆ ತಣ್ಣೀರು ಇವು ಯಾವುವೂ ಅಮಲನ್ನು ಇಳಿಸುವುದಿಲ್ಲ. ಅದನ್ನು ಇಳಿಸುವುದು ಗಂಟೆಗಳು ಮಾತ್ರ. ಅಮೆರಿಕದ ಕರಾವಳಿ ರಕ್ಷಣಾ ಪಡೆಯವರು ಪ್ರತಿವರ್ಷ ದೋಣಿ ಅಪಘಾತಗಳ ಲೆಕ್ಕ ಪ್ರಕಟಿಸುತ್ತಾರೆ. ಸಾವಿನಲ್ಲಿ ಮುಗಿದ ಅಪಘಾತಗಳಿಗೆ, ಕಾರಣ ತಿಳಿದುಬಂದವುಗಳಲ್ಲಿ, ಮದ್ಯವೇ ಮುಂದು. ಮುಳುಗಿ ಸತ್ತವರಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಮಂದಿ ಲೈಫ್ ಜಾಕೆಟ್ ತೊಟ್ಟಿರುವುದಿಲ್ಲ.

ಕುಡಿತದ ಮಾತೇ ಇಲ್ಲದೆಯೂ ನೀರು ಎಷ್ಟು ನಿರ್ದಯವಾಗಿರುತ್ತದೆಂಬುದನ್ನು ಇತ್ತೀಚಿನ ವರ್ಷಗಳಲ್ಲಿ ಕಂಡಿದ್ದೇವೆ. ೨೦೦೯ರಲ್ಲಿ ಕೇರಳದ ತೇಕ್ಕಡಿಯಲ್ಲಿ ಕಾಡುಪ್ರಾಣಿಗಳನ್ನು ನೋಡಲೆಂದು ಪ್ರವಾಸಿಗಳು ಒಂದೇ ಪಕ್ಕಕ್ಕೆ ಸರಿದಾಗ ದೋಣಿ ಮಗುಚಿ ೪೫ ಮಂದಿ ಸತ್ತರು. ೨೦೧೯ರ ಜನವರಿಯಲ್ಲಿ ನಮ್ಮ ಕಾರವಾರದ ಬಳಿ, ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮುಳುಗಿ ೧೬ ಜನ ಹೋದರು. ದೋಣಿಯಲ್ಲಿ ತಾಳಲಾರದಷ್ಟು ಜನ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಭೋಪಾಲಿನಲ್ಲಿ ಎರಡು ದೋಣಿಗಳನ್ನು ಜೋಡಿಸಿ ದೊಡ್ಡ ಗಣಪತಿಯನ್ನು ಒಯ್ದಾಗ ವಿಗ್ರಹ ವಾಲಿ ೧೧ ಮಂದಿ ಯುವಕರು ತೀರಿಕೊಂಡರು. ನಮ್ಮ ತೆಪ್ಪಕ್ಕೆ ಬಹಳ ಹತ್ತಿರದ ಉದಾಹರಣೆ ಈ ಕೊನೆಯದು. ಮೇಲೆ ಭಾರ, ಕೆಳಗೆ ಆಳ, ಮೈಮೇಲೆ ಲೈಫ್ ಜಾಕೆಟ್ ಇಲ್ಲ. ಇಷ್ಟು ಕಷ್ಟದ ಕೆಲಸವನ್ನು ಅಮಲಿನಲ್ಲಿರುವ ಕೈಗೆ ಕೊಡಬಹುದೆ?

ಲಂಡನ್ನಿನ ಥೇಮ್ಸ್ ನದಿಯಲ್ಲಿ ೧೯೮೯ರ ಆಗಸ್ಟಿನಲ್ಲಿ ಮರಳು ತೆಗೆಯುವ ಹಡಗೊಂದು ವಿಹಾರದ ದೋಣಿಗೆ ಬಡಿದು ೫೧ ಜನ ಸತ್ತರು. ಹಡಗಿನ ನಾಯಕ ಹಿಂದಿನ ಮಧ್ಯಾಹ್ನ ಬಿಯರ್ ಕುಡಿದಿದ್ದನೆಂದೂ ಸಾಕಷ್ಟು ನಿದ್ರೆ ಮಾಡಿರಲಿಲ್ಲವೆಂದೂ ಹೊರಬಿತ್ತು. ಎರಡು ಕಡೆಯಲ್ಲೂ ಸರಿಯಾದ ಕಾವಲು ಕಣ್ಣು ಇರಲಿಲ್ಲವೆಂಬುದೇ ಮುಖ್ಯ ಕಾರಣವೆಂದು ವಿಚಾರಣೆಯವರು ಹೇಳಿದರು. ಆದರೂ ಆ ದೇಶದವರು ೨೦೦೩ರ ಕಾನೂನಿನಲ್ಲಿ ಹಡಗು ನಡೆಸುವವರ ರಕ್ತದಲ್ಲಿ ಇಷ್ಟಕ್ಕಿಂತ ಹೆಚ್ಚು ಮದ್ಯ ಇರಕೂಡದೆಂದು ಮಿತಿ ಹಾಕಿದರು.

ನಮ್ಮಲ್ಲಿ ರಸ್ತೆಯ ಮೇಲೆ ವಾಹನ ನಡೆಸುವವನಿಗೆ ನೂರು ಮಿಲಿಲೀಟರು ರಕ್ತಕ್ಕೆ ೩೦ ಮಿಲಿಗ್ರಾಂ ಎಂಬ ಮಿತಿಯುಂಟು. ಊದಿಸಿ ನೋಡುವ ಪೊಲೀಸರೂ ಉಂಟು. ದೋಣಿಗಳ ಸುರಕ್ಷತೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದವರು ೨೦೧೭ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದರು. ಆದರೆ ಹಳ್ಳಿಯ ಕೆರೆಯಲ್ಲಿ ಒಂದು ಸಂಜೆ ತೇಲಿ ಮರುದಿನ ಬಿಚ್ಚಿಹೋಗುವ ತೆಪ್ಪದ ಬಳಿಗೆ ಊದಿಸುವ ಯಂತ್ರ ಹಿಡಿದು ಯಾರು ಬರುತ್ತಾರೆ? ಅಲ್ಲಿ ಅಜ್ಜಿಯ ಮೂಗೇ ಯಂತ್ರ.

ಆದ್ದರಿಂದ ಗಳವಾಗಲಿ ಹುಟ್ಟಾಗಲಿ ಯಾರ ಕೈಯಲ್ಲಿರಬೇಕೆಂಬುದನ್ನು ಬೆಳಿಗ್ಗೆಯೇ ಗೊತ್ತುಮಾಡಿ ಅವನಿಗೆ ತಿಳಿಸಿಬಿಡಬೇಕು. ಬದಲಿಗೆ ಇನ್ನೊಬ್ಬನನ್ನೂ ಇಟ್ಟುಕೊಂಡಿರಬೇಕು. ಬದಲಿ ಆಳು ಇಲ್ಲದಿದ್ದರೆ ದಾಕ್ಷಿಣ್ಯ ಗೆಲ್ಲುತ್ತದೆ. ಹತ್ತುವವರ ಲೆಕ್ಕ ಹಾಕಿ, ಎಲ್ಲರನ್ನೂ ಕೂರಿಸಿ, ಸರಿಯಾದ ಲೈಫ್ ಜಾಕೆಟ್ ತೊಡಿಸಬೇಕು. ಮಕ್ಕಳಿಗೆ ಮಕ್ಕಳ ಅಳತೆಯದು. ಅವು ಸಿಗದಿದ್ದರೆ ದೇವರು ಮತ್ತು ಈಜು ಬಲ್ಲ ನಾಲ್ವರು ಹೋಗಲಿ, ಉಳಿದವರು ಏರಿಯ ಮೇಲಿಂದ ಕೈಮುಗಿಯಲಿ. ಏರಿಯ ಮೇಲೆ ಉದ್ದನೆಯ ಹಗ್ಗ, ಗಾಳಿ ತುಂಬಿದ ಲಾರಿ ಟ್ಯೂಬು, ಬಿಗಿಯಾಗಿ ಮುಚ್ಚಳ ಹಾಕಿದ ಖಾಲಿ ಕ್ಯಾನು ಇವನ್ನು ಇಟ್ಟುಕೊಂಡಿರಿ. ಯಾರಾದರೂ ಬಿದ್ದರೆ ಎಸೆಯಲಿಕ್ಕೆ ಇವು; ಲೈಫ್ ಜಾಕೆಟ್ಟಿಗೆ ಬದಲು ಅಲ್ಲ. ಬಿದ್ದವನ ಹಿಂದೆ ತಾವೂ ಹಾರಿ ಒಬ್ಬರ ಜಾಗದಲ್ಲಿ ಇಬ್ಬರು ಮುಳುಗುವುದನ್ನು ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ! ನೂರಹನ್ನೆರಡಕ್ಕೆ ದೂರವಾಣಿ ಮಾಡುವ ಕೆಲಸವನ್ನು ಮೊದಲೇ ಒಬ್ಬನಿಗೆ ವಹಿಸಿರಬೇಕು.

ಅಂದು ಉತ್ಸವ ಮುಗಿದ ಮೇಲೆ ಏರಿಯ ಮೇಲೆ ಕುಳಿತಿದ್ದ ನನ್ನ ವಿದ್ಯಾರ್ಥಿಯ ಬಳಿಗೆ ನಾನು ಹೋದೆ. ಅವನು ತಲೆಯೆತ್ತಲಿಲ್ಲ. “ನಿಮಗೂ ಗೊತ್ತಾಗಿತ್ತಲ್ಲ ಮೇಷ್ಟ್ರೇ, ನೀವೇ ಪಕ್ಕಕ್ಕೆ ಕರೆದು ಹೇಳಿದ್ದಿದ್ದರೆ ನಾಲ್ಕು ಜನರ ಮುಂದೆ ಮಾನ ಹೋಗುತ್ತಿರಲಿಲ್ಲ” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಆ ಅಜ್ಜಿ ದೊನ್ನೆಯಲ್ಲಿ ಕೋಸಂಬರಿ ಹಿಡಿದು ಬಂದು, ಮೊದಲು ಅವನ ಕೈಗೆ ಕೊಟ್ಟಳು.