ಕಣ್ಣಿಗೆ ಕಾಣದ ತಪ್ಪು



ನಾವು ಕಾಗದ ಬರೆಯುವಾಗ ಪದಗಳ ನಡುವೆ ಜಾಗ ತುಸು ಹೆಚ್ಚಾದರೂ ಓದುವವರಿಗೆ ಅರ್ಥ ಕೆಡುವುದಿಲ್ಲ. ಕಂಪ್ಯೂಟರ್ ಭಾಷೆಗಳಲ್ಲಿ ಈ ಮಾತು ಎಲ್ಲ ಕಡೆಯೂ ನಡೆಯದು. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯಲ್ಲಿ ಆಜ್ಞೆಯ ನಡುವಣ ಖಾಲಿ ಜಾಗವನ್ನು ಯಂತ್ರ ಲೆಕ್ಕಿಸುತ್ತಲೇ ಇರಲಿಲ್ಲ. ಮುಂದೆ ಬಂದ ಕೆಲವು ಭಾಷೆಗಳಲ್ಲಿ ಖಾಲಿ ಜಾಗಕ್ಕೂ ಅರ್ಥ ಬಂದಿತು.

1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಎಂಬ ಸಾಧನವನ್ನು ರಚಿಸಿದರು. ದೊಡ್ಡ ಪ್ರೋಗ್ರಾಮಿನ ಬಿಡಿಭಾಗಗಳನ್ನು ಕ್ರಮವಾಗಿ ಸಿದ್ಧಪಡಿಸುವುದು ಅದರ ಕೆಲಸ. ಅದರಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಆರಂಭವಾಗಬೇಕು. ಎಂಟು ಸ್ಪೇಸ್ ಒತ್ತಿದರೂ ಪರದೆಯ ಮೇಲೆ ಹಾಗೆಯೇ ಕಾಣಬಹುದು. ಆದರೆ ಯಂತ್ರಕ್ಕೆ ಅವು ಬೇರೆ ಬೇರೆ: ಆಸ್ಕಿ ಸಂಕೇತದಲ್ಲಿ ಟ್ಯಾಬ್‌ನ ಸಂಖ್ಯೆ 9, ಸ್ಪೇಸ್‌ನದು 32. ಈ ತೊಡಕು ಫೆಲ್ಡ್‌ಮನ್ನರಿಗೆ ಬೇಗನೆ ತಿಳಿಯಿತು. ಅಷ್ಟರಲ್ಲಿ ಹತ್ತು ಹನ್ನೆರಡು ಮಂದಿ ಅದನ್ನು ಬಳಸುತ್ತಿದ್ದರು. ಅವರ ಕೆಲಸ ಕೆಡಬಾರದೆಂದು ನಿಯಮವನ್ನು ಹಾಗೆಯೇ ಬಿಟ್ಟರು. ಆ ದಾಕ್ಷಿಣ್ಯದ ಫಲವನ್ನು ಲೋಕ ಇಂದಿಗೂ ಉಣ್ಣುತ್ತಿದೆ.

ಇಲ್ಲಿ ತಪ್ಪಿದರೆ ‘ಗ್ನೂ ಮೇಕ್’ ಕೊಡುತ್ತಿದ್ದ ಸಂದೇಶ ‘ಮಿಸ್ಸಿಂಗ್ ಸೆಪರೇಟರ್’. ಎಂದರೆ, ಬೇರ್ಪಡಿಸುವ ಚಿಹ್ನೆ ಇಲ್ಲ. ಯಾವ ಚಿಹ್ನೆ? ಅದನ್ನು ಹೇಳುತ್ತಿರಲಿಲ್ಲ. ಮುಂದೆ, ಎಂಟು ಸ್ಪೇಸ್‌ಗೆ ಬದಲಾಗಿ ಟ್ಯಾಬ್ ಬೇಕಿತ್ತೇ ಎಂಬ ಪ್ರಶ್ನೆಯನ್ನು ಅದಕ್ಕೆ ಸೇರಿಸಿದರು. ನಿಯಮ ಬದಲಾಗಲಿಲ್ಲ. ಆದರೂ ಬಳಸುವವರಿಗೆ ದಾರಿ ಕಂಡಿತು.

1991ರಲ್ಲಿ ಗೈಡೊ ವಾನ್ ರೊಸಮ್ ಹೊರತಂದ ಪೈಥಾನ್ ಭಾಷೆಯಲ್ಲಿ, ಯಾವ ಸಾಲು ಯಾವುದರ ಒಳಗಿನದು ಎಂಬುದನ್ನು ಅಂಚಿನಿಂದ ಬಿಟ್ಟ ಜಾಗವೇ ನಿರ್ಧರಿಸುತ್ತದೆ. ಇದರಿಂದ ಬರಹ ಅಚ್ಚುಕಟ್ಟಾಗುತ್ತದೆ. ಆದರೆ ಹಿಂದಿನ ಆವೃತ್ತಿಗಳಲ್ಲಿ ಟ್ಯಾಬ್ ಮತ್ತು ಸ್ಪೇಸ್ ಬೆರೆತರೆ, ಕಣ್ಣಿಗೆ ಒಂದು ಅರ್ಥ, ಯಂತ್ರಕ್ಕೆ ಇನ್ನೊಂದು ಅರ್ಥ ಆಗುವ ಸಂಭವವಿತ್ತು. 2008ರಲ್ಲಿ ಬಂದ ಮೂರನೆಯ ಆವೃತ್ತಿ ಇಂಥ ಗೊಂದಲದ ಬೆರಕೆಯನ್ನು ಕಂಡೊಡನೆ ‘ಟ್ಯಾಬ್ ಎರರ್’ ಎಂದು ಹೇಳಿ ನಿಲ್ಲುತ್ತದೆ. ಸದ್ದಿಲ್ಲದೆ ತಪ್ಪು ಉತ್ತರ ಕೊಡುವುದಕ್ಕಿಂತ ಹೀಗೆ ನಿಲ್ಲುವುದು ಲೇಸು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಗೆ ಇಂಗ್ಲಿಷಿನ ಒಗಟಿನಂಥ ಸಂದೇಶ ಎದುರಾದಾಗ, ತನಗೆ ಈ ವಿದ್ಯೆ ಒಲಿಯದೆಂದು ಆತ ಕೈಬಿಡುವ ಅಪಾಯವಿದೆ. ಆದ್ದರಿಂದ ಶಿಕ್ಷಕರು ಮೊದಲ ಪಾಠದಲ್ಲಿಯೇ ಟ್ಯಾಬ್, ಸ್ಪೇಸ್‌ಗಳ ಗುರುತು ಪರದೆಯ ಮೇಲೆ ಕಾಣುವಂತೆ ಮಾಡಿ ತೋರಿಸಬೇಕು. ಸಂದೇಶ ಬರೆಯುವವರೂ ತಪ್ಪು ಎಲ್ಲಿದೆ, ತಿದ್ದುವುದು ಹೇಗೆ ಎಂಬೆರಡನ್ನೂ ತಿಳಿಸಬೇಕು. ಆ ಸಂದೇಶವನ್ನು ಓದುವುದು ಯಂತ್ರವಲ್ಲ, ಮನುಷ್ಯ.