ಪಂಪು ಎತ್ತುವ ರಾಟೆ: ರೈತರು ತಿಳಿದಿರಬೇಕಾದ ಸಂಗತಿಗಳು



ಬಾವಿಯಲ್ಲಿ ನೀರು ಸೇದುವ ರಾಟೆಯನ್ನು ಕಾಣದ ರೈತರಿಲ್ಲ. ಕೆಲವು ಕಡೆ ಇದನ್ನೇ ಗಡಗಡೆ ಎನ್ನುವರು. ಎತ್ತುಗಳಿಂದ ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಬಾವಿಯ ದಡದಲ್ಲಿ ಮೇಲೊಂದು ಗಾಲಿ, ಕೆಳಗೊಂದು ಉರುಳೆ ಇರುತ್ತಿದ್ದವು. ತೊಗಲ ಚೀಲವನ್ನು ಎತ್ತುವ ದಪ್ಪ ಹಗ್ಗ ಗಾಲಿಯ ಮೇಲೂ, ಚೀಲದ ಬಾಲಕ್ಕೆ ಕಟ್ಟಿದ ಸಣ್ಣ ಹಗ್ಗ ಉರುಳೆಯ ಮೇಲೂ ಹಾಯುತ್ತಿದ್ದವು. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆದರೆ ನೀರು ಮೇಲೆ ಬರುತ್ತಿತ್ತು. ಬಂದರುಗಳಲ್ಲಿ ಹಡಗಿನ ಸರಕು ಎತ್ತುವ ದೊಡ್ಡ ಕ್ರೇನುಗಳಲ್ಲಿಯೂ ಕೆಲಸ ಮಾಡುವುದು ಇಂತಹ ಜಾಡುಳ್ಳ ಗಾಲಿಗಳೇ.

ಕಪಿಲೆಯ ಜಾಗಕ್ಕೆ ಪಂಪು ಬಂದರೂ ರಾಟೆಯ ಕೆಲಸ ಮುಗಿದಿಲ್ಲ. ಪಂಪು ಕೆಟ್ಟಾಗ ಅದನ್ನು ಮೇಲೆತ್ತಲು ರಾಟೆಯೇ ಬೇಕು. ಭಾರದ ಲೆಕ್ಕ ತಿಳಿಯದೆ ಕೈಗೆ ಸಿಕ್ಕಿದ ಹಗ್ಗ, ತೊಲೆಗಳನ್ನು ಬಳಸಿದರೆ ಪಂಪು ಬಾವಿಯ ಪಾಲಾಗುತ್ತದೆ. ಕೆಳಗೆ ನಿಂತವನ ಪ್ರಾಣಕ್ಕೂ ಸಂಚಕಾರ. ಆದುದರಿಂದ ರಾಟೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಪ್ರತಿಯೊಬ್ಬ ರೈತನೂ ತಿಳಿದಿರುವುದು ಒಳ್ಳೆಯದು.

ಒಂಟಿ ರಾಟೆ

ತೊಲೆಗೆ ಕಟ್ಟಿದ ಒಂಟಿ ರಾಟೆ ಭಾರವನ್ನು ಕಡಿಮೆ ಮಾಡುವುದಿಲ್ಲ. ಎಳೆಯುವ ದಿಕ್ಕನ್ನು ಮಾತ್ರ ಬದಲಾಯಿಸುತ್ತದೆ. 120 ಕಿಲೋ ತೂಕದ ಪಂಪನ್ನು ಎತ್ತಲು 120 ಕಿಲೋದಷ್ಟು ಬಲವೇ ಬೇಕು. ಮೈಭಾರ ಬಿಟ್ಟು ಕೆಳಮುಖವಾಗಿ ಎಳೆಯಬಹುದಾದ್ದರಿಂದ ಕೆಲಸ ಹಗುರವೆನಿಸುತ್ತದೆ, ಅಷ್ಟೆ.

ಇಲ್ಲಿಯೇ ಹಲವರು ಮೋಸಹೋಗುತ್ತಾರೆ. ಪಂಪಿನ ತೂಕ 120 ಕಿಲೋ, ಆದ್ದರಿಂದ ತೊಲೆಯ ಮೇಲೆ ಬೀಳುವ ಭಾರವೂ ಅಷ್ಟೇ ಎಂದು ಭಾವಿಸುತ್ತಾರೆ. ಆದರೆ ಒಂದು ಕಡೆ ಪಂಪು, ಇನ್ನೊಂದು ಕಡೆ ಅಷ್ಟೇ ಬಲದಿಂದ ಕೆಳಗೆ ಎಳೆಯುವ ಜನ, ಎರಡೂ ಸೇರಿ ತೊಲೆಯ ಮೇಲೆ 240 ಕಿಲೋ ಬೀಳುತ್ತದೆ. ಜನರು ದೂರ ನಿಂತು ಓರೆಯಾಗಿ ಎಳೆದರೆ ಈ ಭಾರ ಸ್ವಲ್ಪ ಕಡಿಮೆಯಾದರೂ ತೊಲೆಯನ್ನು ಪಕ್ಕಕ್ಕೆ ಜಗ್ಗುತ್ತದೆ. ಮೂರು ಕಾಲಿನ ಚೌಕಟ್ಟು ಮಗುಚಿ ಬೀಳಲು ಇದು ಮುಖ್ಯ ಕಾರಣ.

ಚಲಿಸುವ ರಾಟೆ

ಹಗ್ಗದ ಒಂದು ತುದಿಯನ್ನು ತೊಲೆಗೆ ಬಿಗಿದು, ಪಂಪಿಗೆ ಕಟ್ಟಿದ ಇನ್ನೊಂದು ರಾಟೆಯ ಕೆಳಗಿನಿಂದ ಹಾಯಿಸಿ, ಮೇಲಿನ ರಾಟೆಯ ಮೂಲಕ ಎಳೆದರೆ ಪಂಪನ್ನು ಹಗ್ಗದ ಎರಡು ಎಳೆಗಳು ಹೊರುತ್ತವೆ. ಆಗ 60 ಕಿಲೋ ಬಲ ಸಾಕು. ಆದರೆ ಪಂಪು 1 ಮೀಟರ್ ಏರಬೇಕಾದರೆ 2 ಮೀಟರ್ ಹಗ್ಗ ಎಳೆಯಬೇಕು. ಮೇಲೆ ಎರಡು, ಕೆಳಗೆ ಎರಡು ರಾಟೆಗಳಿದ್ದರೆ ನಾಲ್ಕು ಎಳೆಗಳು ಹೊರುತ್ತವೆ. 30 ಕಿಲೋ ಬಲ, 4 ಮೀಟರ್ ಹಗ್ಗ. ಬಲದಲ್ಲಿ ಉಳಿಸಿದ್ದನ್ನು ಹಗ್ಗದ ಉದ್ದದಲ್ಲಿ ತೆರಬೇಕು. ಕ್ರೇನಿನ ಕೊಕ್ಕೆಯ ಮೇಲೆ ಹಲವು ಗಾಲಿಗಳಿರುವುದು ಇದೇ ಕಾರಣಕ್ಕೆ.

ಇದು ಕಾಗದದ ಮೇಲಿನ ಲೆಕ್ಕ. ಪ್ರತಿ ಗಾಲಿಯೂ ಉಜ್ಜಾಟದಲ್ಲಿ ಸ್ವಲ್ಪ ಬಲವನ್ನು ತಿನ್ನುತ್ತದೆ. ಸಾದಾ ಬುಷ್ ಇರುವ ಗಾಲಿಯಲ್ಲಿ ಸುಮಾರು ನೂರಕ್ಕೆ 5 ಪಾಲು, ಬೇರಿಂಗ್ ಇರುವುದರಲ್ಲಿ ಸುಮಾರು 2 ಪಾಲು ನಷ್ಟವೆಂದು ಎಣಿಸಬಹುದು. ಹೀಗಾಗಿ ಸಾದಾ ಬುಷ್‌ನ ನಾಲ್ಕು ಗಾಲಿಗಳಿದ್ದಲ್ಲಿ 30 ಕಿಲೋ ಬದಲು ಸುಮಾರು 34 ಕಿಲೋ ಬಲ ಬೇಕಾಗುತ್ತದೆ. ಗ್ರೀಸ್ ಕಾಣದೆ ತುಕ್ಕು ಹಿಡಿದ ರಾಟೆಯಲ್ಲಿ ನಷ್ಟ ಇನ್ನೂ ಹೆಚ್ಚು.

ಜಾಡು ಮತ್ತು ಗಾಲಿಯ ಗಾತ್ರ

ಗಾಲಿಯ ಅಂಚಿನ ಜಾಡು ಹಗ್ಗ ಜಾರದಂತೆ ತಡೆಯುವುದಲ್ಲದೆ, ಅದಕ್ಕೆ ತಳದಿಂದ ಆಸರೆಯನ್ನೂ ಕೊಡುತ್ತದೆ. ಜಾಡು ಹಗ್ಗಕ್ಕಿಂತ ಕಿರಿದಾದರೆ ಹಗ್ಗ ಸಿಕ್ಕಿಕೊಂಡು ಪಕ್ಕಗಳು ಸವೆಯುತ್ತವೆ. ತೀರಾ ಅಗಲವಾದರೆ ಆಸರೆಯಿಲ್ಲದೆ ಹಗ್ಗ ಚಪ್ಪಟೆಯಾಗುತ್ತದೆ. ಜಾಡಿನ ತಳ ದುಂಡಗಿದ್ದು ಹಗ್ಗಕ್ಕಿಂತ ತುಸುವೇ ಅಗಲವಾಗಿರಬೇಕು, 12 ಮಿ.ಮೀ. ತಂತಿಹಗ್ಗಕ್ಕೆ ಸುಮಾರು 13 ಮಿ.ಮೀ. ಸರಿಯಾದ ಅಳತೆ. ಜಾಡಿನ ಆಳ ಹಗ್ಗದ ದಪ್ಪದ ಒಂದೂವರೆ ಪಟ್ಟಿಗೆ ಕಡಿಮೆಯಿರಬಾರದು.

ಹಗ್ಗ ಸಣ್ಣ ಗಾಲಿಯ ಮೇಲೆ ಬಲವಾಗಿ ಬಾಗಿದಷ್ಟೂ ಬೇಗ ಹಾಳಾಗುತ್ತದೆ. ತಂತಿಯನ್ನು ಪದೇ ಪದೇ ಮಡಿಸಿದರೆ ತುಂಡಾಗುವುದಿಲ್ಲವೆ? ಇದೂ ಹಾಗೆಯೇ. ತಂತಿಹಗ್ಗಕ್ಕೆ ಗಾಲಿಯ ವ್ಯಾಸ ಹಗ್ಗದ ದಪ್ಪದ 18 ರಿಂದ 20 ಪಟ್ಟಾದರೂ ಇರುವುದು ಲೇಸು. ನಾರಿನ ಹಗ್ಗಕ್ಕೆ ಸುಮಾರು 8 ಪಟ್ಟು ಸಾಕು.

ಕೊಳವೆಬಾವಿಯ ಭಾರ

ಕೊಳವೆಬಾವಿಯಲ್ಲಿ ಪಂಪಿಗಿಂತ ಪೈಪಿನ ಭಾರವೇ ಹೆಚ್ಚು. 2 ಅಂಗುಲದ ಕಬ್ಬಿಣದ ಪೈಪು ಮೀಟರಿಗೆ ಸುಮಾರು 5 ಕಿಲೋ ತೂಗುತ್ತದೆ. ಒಳಗಿನ ನೀರು ಇಳಿದುಹೋಗದಿದ್ದರೆ ಮೀಟರಿಗೆ ಇನ್ನೂ 2 ಕಿಲೋಗೆ ಮೇಲ್ಪಟ್ಟು ಭಾರ ಸೇರುತ್ತದೆ. 60 ಮೀಟರ್ ಆಳದಲ್ಲಿ ಇಳಿಬಿಟ್ಟಿದ್ದರೆ ಪೈಪು 300 ಕಿಲೋ, ನೀರು ಸುಮಾರು 130 ಕಿಲೋ. ಪಂಪು ಮತ್ತು ಮೋಟಾರು 60 ಕಿಲೋ ಎಂದಿಟ್ಟುಕೊಂಡರೂ ಒಟ್ಟು 490 ಕಿಲೋ. ನಾಲ್ಕು ಆಳು ಸೇರಿ ಒಂಟಿ ರಾಟೆಯಿಂದ ಎತ್ತುವ ಮಾತೇ ಅಲ್ಲ.

ಇಂತಹ ಕಡೆ 1 ಟನ್ನಿನ ಚೈನ್ ಬ್ಲಾಕ್ ಬಳಸುವುದು ಸೂಕ್ತ. ಇದರಲ್ಲಿ ಹಲ್ಲಿನ ಚಕ್ರಗಳು ಬಲವನ್ನು ಹೆಚ್ಚಿಸುತ್ತವೆ. ಒಳಗಿನ ಬ್ರೇಕು ಸರಪಳಿಯನ್ನು ಕೈಬಿಟ್ಟರೂ ಭಾರವನ್ನು ಹಿಡಿದು ನಿಲ್ಲಿಸುತ್ತದೆ. ಕೈಯಿಂದ ಎಳೆಯುವ ಬಲ ಕಡಿಮೆಯಾದ್ದರಿಂದ ಚೌಕಟ್ಟಿನ ಮೇಲೆ ಭಾರ ಇಮ್ಮಡಿಯಾಗುವ ಭಯವಿಲ್ಲ. ಒಬ್ಬನಿಂದ ಎಳೆಯಲಾಗದಿದ್ದರೆ ಇನ್ನಿಬ್ಬರನ್ನು ಸೇರಿಸಬಾರದು. ಭಾರ ಮಿತಿ ಮೀರಿದೆ ಅಥವಾ ಪೈಪು ಎಲ್ಲಿಯೋ ಸಿಕ್ಕಿಕೊಂಡಿದೆ ಎಂದು ತಿಳಿಯಬೇಕು.

ಪಾಲಿಸಬೇಕಾದ ಮುನ್ನೆಚ್ಚರಿಕೆಗಳು

1. ಮೊದಲು ಮೇನ್ ಸ್ವಿಚ್ ಆರಿಸಿ ಫ್ಯೂಸ್ ತೆಗೆದಿಡಬೇಕು.

2. ಚೌಕಟ್ಟಿನ ಕಾಲುಗಳನ್ನು ಗಟ್ಟಿ ನೆಲದಲ್ಲಿ ಊರಿ, ಅಗಲಿ ಜಾರದಂತೆ ಬುಡದಲ್ಲಿ ಸರಪಳಿಯಿಂದ ಒಂದಕ್ಕೊಂದು ಬಿಗಿಯಬೇಕು. ಕೊಕ್ಕೆ ಬಾವಿಯ ನಡುವಿಗೆ ನೇರವಾಗಿ ತೂಗಬೇಕು.

3. ಗಾಲಿಯನ್ನು ಕೈಯಿಂದ ತಿರುಗಿಸಿ ನೋಡಬೇಕು. ತಿರುಗದ ಗಾಲಿಯ ಮೇಲೆ ಹಗ್ಗ ಉಜ್ಜಿ ಸವೆಯುತ್ತದೆ. ಜಾಡಿನ ತಳದಲ್ಲಿ ಹಳೆಯ ಹಗ್ಗದ ಅಚ್ಚು ಬಿದ್ದಿದ್ದರೆ ಅದು ಹೊಸ ಹಗ್ಗವನ್ನು ಕಡಿಯುತ್ತದೆ. ಅಂತಹ ಗಾಲಿಯನ್ನು ಬದಲಾಯಿಸಬೇಕು.

4. ತಂತಿಹಗ್ಗದ ಒಂದು ಎಳೆ ಒಂದು ಪೂರ್ಣ ಸುತ್ತು ಬರುವಷ್ಟು ಉದ್ದದಲ್ಲಿ ಒಟ್ಟು ಆರು ತಂತಿಗಳು, ಅಥವಾ ಒಂದೇ ಎಳೆಯಲ್ಲಿ ಮೂರು ತಂತಿಗಳು ತುಂಡಾಗಿದ್ದರೆ ಆ ಹಗ್ಗವನ್ನು ಭಾರ ಎತ್ತಲು ಬಳಸಕೂಡದು.

5. ಕೊಕ್ಕೆಯ ಬಾಯಿ ಅಗಲವಾಗಿದ್ದರೆ ಬಡಿದು ಸರಿಮಾಡದೆ ಹೊಸದನ್ನು ಹಾಕಿಸಬೇಕು.

6. ಪೈಪನ್ನು ಬಿಚ್ಚುವ ಮೊದಲು, ಕೆಳಗಿನ ಪೈಪಿಗೆ ಕ್ಲಾಂಪ್ ಬಿಗಿದು ಕೇಸಿಂಗ್ ಪೈಪಿನ ಮೇಲೆ ಕೂರಿಸಿರಬೇಕು.

7. ಚಲಿಸುವ ಹಗ್ಗವನ್ನು ರಾಟೆಯ ಹತ್ತಿರ ಕೈಯಿಂದ ಹಿಡಿಯಬಾರದು. ತೂಗುವ ಭಾರದ ಕೆಳಗೆ, ಬಾವಿಯ ಒಳಗೂ ಸೇರಿದಂತೆ, ಯಾರೂ ಇರಕೂಡದು.

ಈ ತಪಾಸಣೆಗೆ ಹಿಡಿಯುವುದು ಅರ್ಧ ಗಂಟೆ ಮಾತ್ರ. ಬೆಳೆ ಒಣಗುತ್ತಿದೆ ಎಂಬ ಆತುರದಲ್ಲಿ ಇದನ್ನು ಬಿಟ್ಟರೆ ಪಂಪೂ ಹೋಗಿ ಬಾವಿಯೂ ಕೆಡಬಹುದು. ರಾಟೆ, ಹಗ್ಗಗಳನ್ನು ಕೆಲಸ ಮುಗಿದ ಮೇಲೆ ಒರೆಸಿ, ಗ್ರೀಸ್ ಹಚ್ಚಿ, ಮಳೆ ಬಿಸಿಲು ತಾಗದ ಕಡೆ ತೂಗುಹಾಕಿದರೆ ಅವು ಬಹುಕಾಲ ಬಾಳುತ್ತವೆ.