ಠಾಣೆಯೊಳಗಿನ ಮೌನ ಒಪ್ಪಿಗೆಯೇ?
(ಕೂಲಿಕಾರರ ಸಭೆಯಲ್ಲಿ ಮಾಡಿದ ಭಾಷಣ)

ಬಂಧುಗಳೇ, 1972ರ ಮಾರ್ಚಿಯಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೋಲೀಸು ಠಾಣೆಗೆ ಆದಿವಾಸಿ ಕೂಲಿ ಹುಡುಗಿಯೊಬ್ಬಳು ರಾತ್ರಿ ಹೇಳಿಕೆ ಕೊಡಲು ಹೋದಳು. ಮನೆಯವರನ್ನು ಹೊರಗೆ ಕಳಿಸಿ ಪೋಲೀಸಿನವನೇ ಬಲಾತ್ಕಾರ ಮಾಡಿದನೆಂದು ದೂರು. ನಾಗಪುರದ ಹೈಕೋರ್ಟು ಪೀಠ ಶಿಕ್ಷಿಸಿತು. 1978ರಲ್ಲಿ ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಕಾರಣ? ಮೈಮೇಲೆ ಗಾಯವಿಲ್ಲ, ಪ್ರತಿಭಟಿಸಿದಳೆಂಬುದು ಸುಳ್ಳು! ಲಾಠಿ ಹಿಡಿದವನ ಮುಂದೆ ನಮ್ಮಲ್ಲೇ ಎಷ್ಟು ಗಂಡಸರು ಕೈಯೆತ್ತಿದ್ದೇವೆ, ಹೇಳಿ.

ಹೆಂಗಸರು ಬೀದಿಗಿಳಿದರು. 1983ರ ತಿದ್ದುಪಡಿ ಬಂತು: ಇಂಥ ಮೊಕದ್ದಮೆಯಲ್ಲಿ ಸಂಭೋಗ ರುಜುವಾತಾಗಿ, ‘ನಾನು ಒಪ್ಪಲಿಲ್ಲ’ ಎಂದು ಆಕೆ ನುಡಿದರೆ ನ್ಯಾಯಾಲಯ ಹಾಗೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊರೆ ಅವನದು. ಎದುರಿಸಿ ಹೋರಾಡದಿದ್ದ ಮಾತ್ರಕ್ಕೆ ಒಪ್ಪಿಗೆಯಾಗದೆಂದು 2013ರಲ್ಲಿ ಸೇರಿದ ಮಾತು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನಲ್ಲೂ ಇದೆ. ಸಜೆ ಕನಿಷ್ಠ 10 ವರ್ಷ.

18 ತುಂಬಿದ ಹೆಂಡತಿಗೆ ಮಾತ್ರ ಗಂಡನ ವಿರುದ್ಧ ಈ ಕಲಮು ಸಲ್ಲದು. ಅದು ಮುಂದಿನ ಸಭೆಯ ಮಾತು, ಹೆಂಗಸರನ್ನೂ ಕರೆತನ್ನಿ.